ಮಗಳ ಓದಿನ ಸಾಲ: ಮೇ ತಿಂಗಳಿಂದ ದಸರಾವರೆಗೆ ನಾವು ಓಡಾಡಿದ್ದು

ನನ್ನ ಅವಲಕ್ಕಿ ಸರ ಬ್ಯಾಂಕಿನಿಂದ ವಾಪಸ್ ಬಂದಿದ್ದು ಆಯುಧ ಪೂಜೆಗೆ ಎರಡು ದಿನ ಮುಂಚೆ. ಅಲ್ಲಿಗೆ ನಾಲ್ಕು ತಿಂಗಳ ಓಡಾಟ ಮುಗಿಯಿತು. ಮಗಳು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಇಂಜಿನಿಯರಿಂಗ್ ಮೊದಲನೇ ವರ್ಷ. ಈ ಕೆಲಸಕ್ಕೆ ಕೈ ಹಾಕುವ ಮೊದಲು ನಮಗೆ ಏನೂ ಗೊತ್ತಿರಲಿಲ್ಲ. ಯಾವ ಕಾಗದ ಮೊದಲು, ಯಾವ ದುಡ್ಡು ಮೊದಲು ಅಂತ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅರ್ಧ ಓಡಾಟ ಉಳಿಯುತ್ತಿತ್ತು. ಮುಂದಿನ ವರ್ಷ ಮಕ್ಕಳು ಸಿಇಟಿ ಬರೆಯುವ ಮನೆಗಳಿಗೆ ಉಪಯೋಗವಾಗಲಿ ಅಂತ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರಿನ ಪಕ್ಕದ ಹಳ್ಳಿ. ಎರಡು ಎಕರೆ ತೆಂಗಿನ ತೋಟ ಇದೆ. ನಮ್ಮ ಮನೆಯವರು ತೋಟದ ಜೊತೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಎಂಟನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ.

2025ರ ಮೇ 24ಕ್ಕೆ ಸಿಇಟಿ ಫಲಿತಾಂಶ ಬಂತು. ರ‍್ಯಾಂಕ್ ನೋಡಿ ಮನೆಯಲ್ಲಿ ಹಬ್ಬ. ಸಂಜೆ ಅತ್ತೆ ಒಬ್ಬಟ್ಟಿಗೆ ಬೇಳೆ ಬೇಯಿಸಲು ಇಟ್ಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೂ ನಮ್ಮ ಮನೆಯವರೂ ಹಳೇ ನೋಟ್‌ಬುಕ್ ಹಿಡಿದು ಕೂತೆವು. ಅವತ್ತು ಬರೆದ ಲೆಕ್ಕ ಇನ್ನೂ ಇದೆ. ಸರ್ಕಾರಿ ಕೋಟಾದ ಸೀಟು ಖಾಸಗಿ ಕಾಲೇಜಿನಲ್ಲಿ ಸಿಕ್ಕರೆ ಒಂದು ಲಕ್ಷದ ಆಸುಪಾಸು, ಹಾಸ್ಟೆಲ್ ಇನ್ನೊಂದು ಲಕ್ಷದ ಹತ್ತಿರ, ಲ್ಯಾಪ್‌ಟಾಪ್. ಅದರ ಎದುರಿಗೆ ನಮ್ಮಲ್ಲಿ ಇದ್ದಿದ್ದು ಏನು ಅಂತ ಇನ್ನೊಂದು ಪಟ್ಟಿ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ. ಗೃಹಲಕ್ಷ್ಮಿ ದುಡ್ಡು ಮುಟ್ಟದೆ ಬೇರೆ ಖಾತೆಯಲ್ಲಿ ಕೂಡಿಟ್ಟಿದ್ದು 38 ಸಾವಿರ. ನನ್ನ ಮೈಮೇಲಿನ ಬಂಗಾರ. ತೋಟ.

ಕೊಬ್ಬರಿ ಪಟ್ಟಿಯಲ್ಲೇ ಇರಲಿಲ್ಲ. ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಹಿಂದಿನ ವರ್ಷದ ಕೊಬ್ಬರಿಯನ್ನು ಸಂಕ್ರಾಂತಿ ಹೊತ್ತಿಗೇ ಮಾರಿ ಸೊಸೈಟಿ ಸಾಲ ತೀರಿಸಿದ್ದೆವು. ಆಮೇಲೆ ಮಳೆಗಾಲದ ಹೊತ್ತಿಗೆ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ 25 ಸಾವಿರ ದಾಟಿತು. ನಮ್ಮ ಮನೆಯವರು ಆ ರೇಟು ಕೇಳಿದ ದಿನ ಊಟ ಸರಿಯಾಗಿ ಮಾಡಲಿಲ್ಲ. ಅಟ್ಟದಲ್ಲಿದ್ದ ಕಾಯಿ ಇನ್ನೂ ಅಲ್ಲಾಡಿಸಿದರೆ ನೀರಿನ ಸದ್ದು ಕೊಡುತ್ತಿತ್ತು. ಅದನ್ನು ಹಸಿಕಾಯಿಯ ಬೆಲೆಗೆ ಕೊಟ್ಟುಬಿಡೋಣ ಅಂದರು. ನಾನು ಬೇಡ ಅಂದೆ. ಅದು ಮುಂದಿನ ವರ್ಷದ ಮನೆ ಖರ್ಚು.

ಮೊದಲ ಮಾತು ಬಂದಿದ್ದೇ ಸುಕನ್ಯಾ ಖಾತೆ ಮೇಲೆ. ಈ ಯೋಜನೆ ಶುರುವಾಗಿದ್ದು 2015ರ ಜನವರಿಯಲ್ಲಿ. ಮಗಳಿಗೆ ಆಗ ಎಂಟು ವರ್ಷ ಕೂಡ ತುಂಬಿರಲಿಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮಾತ್ರ ಅಂತ ಕೇಳಿ ಮಾರ್ಚ್‌ನಲ್ಲೇ ಪೋಸ್ಟಾಫೀಸಿಗೆ ಹೋಗಿ ತೆಗೆಸಿದ್ದೆ. ತಿಂಗಳಿಗೆ ಒಂದು ಸಾವಿರ ಕಟ್ಟುತ್ತಾ ಬಂದೆವು, ಕೆಲವು ತಿಂಗಳು ತಪ್ಪಿದ್ದೂ ಇದೆ. 2025ರ ಮಾರ್ಚ್ ಕೊನೆಗೆ 1,78,000 ಆಗಿತ್ತು. ಮಗಳಿಗೆ 18 ತುಂಬಿದರೆ ಅಥವಾ ಹತ್ತನೇ ಕ್ಲಾಸು ಪಾಸಾದರೆ, ಓದಿಗೆ ಅಂತ ಹಿಂದಿನ ಮಾರ್ಚ್ ಕೊನೆಗಿದ್ದ ದುಡ್ಡಿನಲ್ಲಿ ಅರ್ಧದವರೆಗೆ ತೆಗೆಯಬಹುದು. ಅಂದರೆ 89 ಸಾವಿರ.

ಪೋಸ್ಟಾಫೀಸಿನಲ್ಲಿ ವಿಚಾರಿಸಿದಾಗ ಗೊತ್ತಾಗಿದ್ದು: 18 ತುಂಬಿದ ಮೇಲೆ ಖಾತೆ ನಡೆಸಬೇಕಾದವಳು ಮಗಳೇ. ನಾನು ಸಹಿ ಹಾಕಿದರೆ ನಡೆಯಲ್ಲ. ಅವಳ ಆಧಾರ್, ಪಾನ್, ಫೋಟೋ, ಸಹಿ ಎಲ್ಲ ಹೊಸದಾಗಿ ಕೊಡಬೇಕು. ಅವಳಿಗೆ ಮೇ ತಿಂಗಳಲ್ಲೇ 18 ತುಂಬಿತ್ತು. ಪಾನ್ ಇರಲಿಲ್ಲ. ಪಾನ್ ಮಾಡಿಸಲು ಹೋದಾಗ ಮೊದಲ ಕಲ್ಲು ಕಾಲಿಗೆ ತಾಗಿತು. ಆಧಾರ್‌ನಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ನಮಗೆ ಇದು ಎರಡೂ ಒಂದೇ ಹುಡುಗಿ. ಕಂಪ್ಯೂಟರಿಗೆ ಇಬ್ಬರು.

ದಯವಿಟ್ಟು ಇದನ್ನು ಈಗಲೇ ನೋಡಿಕೊಳ್ಳಿ. ಮಗು ಪಿಯುಸಿಯಲ್ಲಿರುವಾಗಲೇ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದು ಅಕ್ಷರ ಓದಿ. ನಮಗೆ ಆಧಾರ್ ತಿದ್ದುಪಡಿಗೆ ಆಗಿದ್ದು 50 ರೂಪಾಯಿ. ಆದರೆ ಅದಕ್ಕೆ ಹೋಗಿದ್ದು ಮೂರು ದಿನ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಟೋಕನ್ ಮುಗಿದಿತ್ತು. ತಿದ್ದಿದ ಕಾರ್ಡ್ ಬರುವವರೆಗೆ ಸುಮ್ನೆ ಕೂರಬಾರದು ಅಂತ ನೋಟರಿ ಹತ್ತಿರ 'ಎರಡೂ ಹೆಸರು ಒಬ್ಬಳದ್ದೇ' ಅಂತ ಒಂದು ಅಫಿಡವಿಟ್ ಮಾಡಿಸಿದೆವು. ಸ್ಟಾಂಪ್ ಪೇಪರ್ ಸೇರಿ 400. ಕೊನೆಗೆ ಅದು ಬ್ಯಾಂಕಿನಲ್ಲಿ ಕೆಲಸಕ್ಕೆ ಬಂತು.

ಈ ಹೊತ್ತಿಗೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನು ಬೇರೆ ಜಿಲ್ಲೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಸುಕನ್ಯಾ ದುಡ್ಡು ತೆಗೀತೀವಿ ಅಂದೆ. "ಅಕ್ಕಾ, ಅದನ್ನ ಮುಟ್ಟಬೇಡ. ನಿಮಗೆ ಬಡ್ಡಿ ಇಲ್ಲದ ಸಾಲ ಸಿಗೋ ಚಾನ್ಸ್ ಇದೆ. ಬಡ್ಡಿ ಕೊಡೋ ಖಾತೆ ಖಾಲಿ ಮಾಡಿ ಬಡ್ಡಿ ಇಲ್ಲದ ಸಾಲ ಬಿಡ್ತಾರಾ ಯಾರಾದ್ರೂ?" ಅಂದ. ನನ್ನ ತಲೆಯಲ್ಲಿ ಲೆಕ್ಕ ತಿರುಗಿದ್ದು ಆಗಲೇ.

ಅವನು ಹೇಳಿದ್ದನ್ನು ಆಮೇಲೆ ನಾವೇ ವಿಚಾರಿಸಿ ಖಚಿತ ಮಾಡಿಕೊಂಡೆವು. ತಂದೆ ತಾಯಿಯ ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಮಗು ನ್ಯಾಕ್ ಅಥವಾ ಎನ್‌ಬಿಎ (ಕಾಲೇಜಿನ ಗುಣಮಟ್ಟ ನೋಡುವ ಸಂಸ್ಥೆಗಳು) ಮಾನ್ಯತೆ ಇರುವ ಕಡೆ ಇಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದುವಷ್ಟು ವರ್ಷ ಮತ್ತು ಆಮೇಲೆ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಸಾಲ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಆಗಿರಬೇಕು. ನಾಲ್ಕು ಲಕ್ಷದವರೆಗೆ ನಮ್ಮ ಕೈಯಿಂದ ಪಾಲು ಹಾಕಬೇಕಾಗಿಲ್ಲ. ಅದಕ್ಕಿಂತ ಜಾಸ್ತಿಯಾದರೆ ದೇಶದೊಳಗಿನ ಓದಿಗೆ 5 ಪರ್ಸೆಂಟ್ ನಮ್ಮದು. ಏಳೂವರೆ ಲಕ್ಷದವರೆಗೆ ಜಮೀನು, ಮನೆ ಅಡ ಇಡಬೇಕಾಗಿಲ್ಲ, ಯಾಕೆಂದರೆ ಅಷ್ಟಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಇದೆ.

ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರದಂತೆ ನಾಲ್ಕು ವರ್ಷ ತೆಗೆದುಕೊಂಡರೆ, 10 ಪರ್ಸೆಂಟ್ ಬಡ್ಡಿಯಲ್ಲಿ, ಓದು ಮುಗಿದು ಒಂದು ವರ್ಷ ಆಗುವಷ್ಟರಲ್ಲಿ ಬಡ್ಡಿಯೇ ಎರಡೂಕಾಲು ಲಕ್ಷದ ಹತ್ತಿರ. ಅದು ನಮ್ಮ ಕೈಯಿಂದ ಹೋಗಲ್ಲ. ಅತ್ತ ಸುಕನ್ಯಾ ಖಾತೆಯ ದುಡ್ಡು 8.2 ಪರ್ಸೆಂಟ್‌ನಲ್ಲಿ ಬೆಳೆಯುತ್ತಾ ಇರುತ್ತದೆ, ತೆರಿಗೆಯೂ ಇಲ್ಲ. ಹಾಗಾಗಿ ಮೊದಲು ಸಾಲ, ಸುಕನ್ಯಾ ಕೊನೆಗೆ, ತೋಟದ ಮಾತೇ ಬೇಡ ಅಂತ ತೀರ್ಮಾನಿಸಿದೆವು.

ಅತ್ತೆಗೆ ಇದು ಸರಿ ಕಾಣಲಿಲ್ಲ. "ಹೆಣ್ಣು ಮಗೀನ ತಲೆ ಮೇಲೆ ಸಾಲ ಹೊರಿಸಿ ಕಳಿಸ್ತೀರಾ? ನಾಳೆ ಮದುವೆ ಮಾಡ್ಬೇಕಾದ್ರೆ ಗಂಡಿನ ಕಡೆಯೋರು ಏನಂತಾರೆ?" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಾಲ ಅಂದರೆ ಅವರಿಗೆ ನೆನಪಾಗುವುದು ಮಾವನವರ ಕಾಲದಲ್ಲಿ ಮನೆ ಮುಂದೆ ಬಂದು ಕೂಗಾಡಿದವರು. ನನಗೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಗಳನ್ನೇ ಕೂರಿಸಿಕೊಂಡು ನೋಟ್‌ಬುಕ್ ಅವಳ ಮುಂದೆ ಇಟ್ಟೆ. ಸಾಲ ಅವಳ ಹೆಸರಲ್ಲಿ ಆಗುವುದು, ನಾವು ಜೊತೆಗೆ ಸಹಿ ಹಾಕುವವರು. ಅವಳಿಗೆ ಗೊತ್ತಿಲ್ಲದೆ ಹೇಗೆ?

ನಾಲ್ಕು ವರ್ಷಕ್ಕೆ ಒಟ್ಟು ಖರ್ಚು ಒಂಬತ್ತು ಲಕ್ಷದ ಮೇಲೆ ಬರುತ್ತಿತ್ತು. ಏಳೂವರೆ ಲಕ್ಷ ಸಾಲ ಕೇಳೋಣ ಅಂತ ನಮ್ಮ ಯೋಚನೆ. ಮಗಳು ಮೊಬೈಲಿನಲ್ಲಿ ಕಂತು ಲೆಕ್ಕ ಹಾಕಿದಳು. ಏಳೂವರೆ ಲಕ್ಷಕ್ಕೆ 10 ವರ್ಷದ ಕಂತು ತಿಂಗಳಿಗೆ ಹತ್ತು ಸಾವಿರದ ಹತ್ತಿರ. ಆರೂವರೆ ಲಕ್ಷಕ್ಕೆ ಎಂಟೂವರೆ ಸಾವಿರ. 15 ವರ್ಷಕ್ಕೆ ಹಾಕಿದರೆ ಏಳು ಸಾವಿರಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು ಹತ್ತು ಲಕ್ಷ ಮೂವತ್ತು ಸಾವಿರದ ಬದಲು ಹನ್ನೆರಡೂವರೆ ಲಕ್ಷ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರೂವರೆ ಸಾಕಮ್ಮ, ಮಿಕ್ಕಿದ್ದು ನೀವು ವರ್ಷ ವರ್ಷ ಕೊಡೋಕಾಗುತ್ತಾ?" ಅಂದಳು. ನಾಲ್ಕು ವರ್ಷಕ್ಕೆ 2.8 ಲಕ್ಷ ನಮ್ಮ ಪಾಲು. ತಿಂಗಳಿಗೆ ಆರು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಗೃಹಲಕ್ಷ್ಮಿ ಎರಡು ಸಾವಿರ, ಹೊಲಿಗೆಯದು ನಾಲ್ಕು. ಆಗುತ್ತೆ ಅಂದೆ. ಮಗ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. "ನನಗೂ ಹಿಂಗೇ ಮಾಡ್ತೀರಾ?" ಅಂದ. ಹೂಂ ಕಣೋ ಅಂದೆ. ಆ ಮಾತು ಕೊಟ್ಟಿದ್ದೇನೆ, ಅದಕ್ಕೇ ತೋಟ ಮುಟ್ಟಿಲ್ಲ.

ಇನ್ನು ಸಾಲದ ಅರ್ಜಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಒಂದೇ ಅರ್ಜಿ ತುಂಬಿ ಮೂರು ಬ್ಯಾಂಕಿಗೆ ಕಳಿಸಬಹುದು. ಇದರ ಜೊತೆಗೆ ಪಿಎಂ ವಿದ್ಯಾಲಕ್ಷ್ಮಿ ಅಂತ ಇನ್ನೊಂದು ಇದೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಅದು ಆಯ್ದ ಒಳ್ಳೆಯ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಅಲ್ಲಿ ಎಂಟು ಲಕ್ಷದೊಳಗಿನ ಆದಾಯದವರಿಗೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಇದೆ. ಹೆಸರು ಒಂದೇ ಥರ ಇರುವುದರಿಂದ ನಾವು ಒಂದು ವಾರ ಗೊಂದಲದಲ್ಲಿದ್ದೆವು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ನಮ್ಮದು ಇರಲಿಲ್ಲ.

ಆದರೆ ಕಾಲೇಜು ಗೊತ್ತಾಗದೆ ಅರ್ಜಿ ಮುಂದೆ ಹೋಗಲ್ಲ. ಸೀಟು ಹಂಚಿಕೆ ಆಗಸ್ಟ್‌ವರೆಗೆ ಎಳೆಯಿತು. ನಡುವೆ ಇದ್ದ ಜೂನ್, ಜುಲೈ ಎರಡು ತಿಂಗಳನ್ನು ನಾವು ಸರಿಯಾಗಿ ಬಳಸಿಕೊಳ್ಳಲಿಲ್ಲ, ನನಗೆ ಈಗಲೂ ಬೇಜಾರು ಅದೇ. ಆದಾಯ ಪ್ರಮಾಣಪತ್ರ 2019ರದ್ದು ಇತ್ತು. ಐದು ವರ್ಷ ದಾಟಿದೆ ಅಂತ ಗೊತ್ತಾಗಿದ್ದೇ ಬ್ಯಾಂಕಿನ ಮೇಜಿನ ಮುಂದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಎಲ್ಲರ ಮನೆಯಲ್ಲೂ ಅದೇ ಸೀಸನ್. ನಮ್ಮ ಅರ್ಜಿ ಹತ್ತೊಂಬತ್ತು ದಿನ ತೆಗೆದುಕೊಂಡಿತು. ಮಾರ್ಚ್‌ನಲ್ಲಿ ಕೊಟ್ಟಿದ್ದರೆ ಒಂದು ವಾರದ ಕೆಲಸ.

ಅದಕ್ಕಿಂತ ದೊಡ್ಡ ಪೆಟ್ಟು ಸಿಬಿಲ್‌ದು, ಅಂದರೆ ಹಳೇ ಸಾಲ ಸರಿಯಾಗಿ ಕಟ್ಟಿದ್ದೇವಾ ಅಂತ ಬ್ಯಾಂಕಿನವರು ನೋಡುವ ದಾಖಲೆಯದು. ನಮ್ಮ ಮನೆಯವರು ಎಂಟು ವರ್ಷದ ಹಿಂದೆ ಒಂದು ಬೈಕ್ ಸಾಲ ತೆಗೆದು ಪೂರ್ತಿ ಕಟ್ಟಿದ್ದರು. ಫೈನಾನ್ಸ್‌ನವರು ಲೆಕ್ಕ ಮುಚ್ಚಿರಲಿಲ್ಲ. 1,870 ರೂಪಾಯಿ ಬಾಕಿ ಅಂತ ಅಷ್ಟು ವರ್ಷದಿಂದ ತೋರಿಸುತ್ತಾ ಇತ್ತು. ಸ್ಕೋರ್ ಬಿದ್ದು ಹೋಗಿತ್ತು. ಸೊಸೈಟಿಯಲ್ಲಿ ಒಂದು ದಿನ ತಡ ಮಾಡದೆ ಕಟ್ಟುವ ಮನುಷ್ಯ, ಬ್ಯಾಂಕಿನವರು ಡಿಫಾಲ್ಟರ್ ಅಂದಾಗ ಅವರ ಮುಖ ನೋಡಲು ಆಗಲಿಲ್ಲ. ಹೊರಗೆ ಬಂದು ಟೀ ಅಂಗಡಿ ಮುಂದೆ ನಿಂತು ರಸೀದಿ ಎಲ್ಲಿ ಇಟ್ಟೆ, ರಸೀದಿ ಎಲ್ಲಿ ಇಟ್ಟೆ ಅಂತ ಒಂದೇ ಸಮನೆ ಕೇಳಿದರು. ರಸೀದಿ ಸಿಕ್ಕಿತು, ದೇವರ ಫೋಟೋ ಹಿಂದೆ ಮಡಚಿ ಇಟ್ಟಿದ್ದರು.

ಇದನ್ನು ಎಲ್ಲರೂ ತಿಳಿದುಕೊಳ್ಳಿ. ವರ್ಷಕ್ಕೊಂದು ಸಲ ಪೂರ್ತಿ ಕ್ರೆಡಿಟ್ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ತಪ್ಪಿದ್ದರೆ ಆನ್‌ಲೈನ್‌ನಲ್ಲೇ ತಕರಾರು ಹಾಕಬಹುದು. 30 ದಿನದೊಳಗೆ ಸರಿ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಮಗೆ 26 ದಿನ ಆಯಿತು. ಸಾಲ ಬೇಕಾದಾಗ 26 ದಿನ ಅಂದರೆ ತುಂಬಾ ದೊಡ್ಡದು.

ಆಗಸ್ಟ್ ಮೊದಲ ವಾರ ಸೀಟು ಬಂತು. ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟಿಗೂ ಆಸೆ ಇಟ್ಟಿದ್ದೆವು. ಆದಾಯ ಎಂಟು ಲಕ್ಷದೊಳಗಿನವರಿಗೆ ಅಂತ ಶೇಕಡಾ 5ರಷ್ಟು ಹೆಚ್ಚುವರಿ ಸೀಟು ಇರುತ್ತೆ. ಅದು ಅವಳ ರ‍್ಯಾಂಕಿಗೆ ಸಿಗಲಿಲ್ಲ. ಊರಲ್ಲೇ ಕಂಪ್ಯೂಟರ್ ಸೈನ್ಸ್, ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್, ಎರಡಕ್ಕೂ ಅವಕಾಶ ಇತ್ತು. ಊರಲ್ಲಿ ಓದಿದರೆ ಹಾಸ್ಟೆಲ್‌ನ ಮೂರೂವರೆ ಲಕ್ಷಕ್ಕೂ ಮೇಲೆ ಉಳಿಯುತ್ತಿತ್ತು. ನಾನು ಎರಡು ಸಲ ಹೇಳಿ ನೋಡಿದೆ. ಅವಳಿಗೆ ಎಲೆಕ್ಟ್ರಾನಿಕ್ಸ್ ಬೇಕಿತ್ತು, ಹೈಸ್ಕೂಲಿನಿಂದಲೇ ಹಳೇ ರೇಡಿಯೋ ಬಿಚ್ಚುವ ಹುಡುಗಿ. ಆಪ್ಷನ್ ಪಟ್ಟಿಯಲ್ಲಿ ಅವಳಿಗೆ ಬೇಕಾದ್ದನ್ನೇ ಮೇಲೆ ಹಾಕಿದೆವು. ಅದು ಸಿಕ್ಕಿದಾಗ ಛಾಯ್ಸ್ 1 ಕೊಟ್ಟೆವು, ಅಂದರೆ ಇದೇ ಸೀಟು ಸಾಕು ಅಂತ ಒಪ್ಪಿಕೊಂಡೆವು. ಇಷ್ಟು ಆದ ಮೇಲೆ ದುಡ್ಡು ಕಟ್ಟಲು ಕೈಯಲ್ಲಿದ್ದಿದ್ದು ನಾಲ್ಕೈದು ದಿನ.

ಆ ದಿನಕ್ಕೆ ಬೇಕಾಗಿದ್ದು ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಗೆ 1,06,000, ಕಾಲೇಜಿನಲ್ಲಿ ಇತರೆ ಶುಲ್ಕ ಅಂತ 24,000, ಹಾಸ್ಟೆಲ್ ಮೊದಲ ಕಂತು 46,000. ಒಟ್ಟು 1,76,000. ಕಾಲೇಜಿನ ಇತರೆ ಶುಲ್ಕ ನಮಗೆ ಮೊದಲು ಗೊತ್ತೇ ಇರಲಿಲ್ಲ. ಕೆಇಎ ಶುಲ್ಕ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆವು. ಹಾಗೇನಿಲ್ಲ, ಹಿಂದಿನ ವರ್ಷ ಸೇರಿದವರನ್ನು ಕೇಳಿ ಆ ಮೊತ್ತ ಮೊದಲೇ ಬರೆದಿಟ್ಟುಕೊಳ್ಳಿ. ರಸೀದಿ ಬಿಡದೆ ಕೇಳಿ ತೆಗೆದುಕೊಳ್ಳಿ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕ್ ಸಾಲ ಕೊಡಲ್ಲ.

ಸಾಲ ಇನ್ನೂ ಅರ್ಜಿಯಲ್ಲೇ ಇತ್ತು. ಗೃಹಲಕ್ಷ್ಮಿಯ 38, ಮನೆಯವರ ಕೈಯಲ್ಲಿದ್ದ 18. ಉಳಿದ 1,20,000ಕ್ಕೆ ಬಂಗಾರ.

ಆಗಸ್ಟ್ 7, ಗುರುವಾರ. ಮಾರನೇ ದಿನ ವರಮಹಾಲಕ್ಷ್ಮಿ. ಬ್ಯಾಂಕಿನಲ್ಲಿ ಬಂಗಾರ ಬಿಡಿಸಿಕೊಳ್ಳುವವರ ಸಾಲು, ಹಬ್ಬಕ್ಕೆ ದೇವಿಗೆ ಹಾಕಬೇಕಲ್ಲ. ಅವರೆಲ್ಲ ಡಬ್ಬಿ ಹಿಡಿದು ಹೊರಗೆ ಬರುವಾಗ ನಾನು ಡಬ್ಬಿ ಹಿಡಿದು ಒಳಗೆ ಹೋದೆ. ಅಪ್ರೈಸರ್ ಅವಲಕ್ಕಿ ಸರವನ್ನು ಒರೆಗಲ್ಲಿಗೆ ಉಜ್ಜಿದರು. ಕಪ್ಪು ಕಲ್ಲಿನ ಮೇಲೆ ಸಣ್ಣ ಹಳದಿ ಗೆರೆ ಬಿತ್ತು. ಅದಕ್ಕೆ ಒಂದು ಹನಿ ದ್ರಾವಣ ಬಿಟ್ಟು ಬಗ್ಗಿ ನೋಡಿದರು. ಆಮೇಲೆ ತೂಕ. ಕೊಂಡಿ ಹತ್ತಿರ ಇದ್ದ ಹರಳಿನ ತೂಕ ಕಳೆದರು. ನಮ್ಮಪ್ಪ ಮದುವೆಯಲ್ಲಿ ಹಾಕಿದ ಸರ ಅದು, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅಡ ಇಟ್ಟಿರಲಿಲ್ಲ. ಅವರು ಅದನ್ನು ಸಣ್ಣ ಬಟ್ಟೆ ಚೀಲಕ್ಕೆ ಹಾಕಿ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದಾಗ ಕಣ್ಣು ತುಂಬಿ ಬಂತು. ಮಗಳು ಪಕ್ಕದಲ್ಲೇ ಇದ್ದಳು. ಏನೂ ಮಾತಾಡಲಿಲ್ಲ, ನನ್ನ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಮಾರನೇ ದಿನ ಕಳಶಕ್ಕೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ ಪೂಜೆ ಮಾಡಿದೆ. ಅತ್ತೆ ತಮ್ಮ ಬಳೆ ಬಿಚ್ಚಿ ಕಳಶದ ಮುಂದೆ ಇಟ್ಟರು.

ಬಡ್ಡಿ ವರ್ಷಕ್ಕೆ 9.25 ಪರ್ಸೆಂಟ್, ಇಟ್ಟಷ್ಟು ದಿನಕ್ಕೆ ಮಾತ್ರ. ಅಪ್ರೈಸರ್ ಚಾರ್ಜ್ 300. ಪೇಟೆಯ ಗಿರವಿ ಅಂಗಡಿಯಲ್ಲಿ ತಿಂಗಳಿಗೆ ಎರಡು ಪರ್ಸೆಂಟ್ ಕೇಳಿದ್ದರು, ಅರ್ಧ ಗಂಟೆಯಲ್ಲಿ ದುಡ್ಡು ಕೊಡ್ತೀವಿ ಅಂದಿದ್ದರು. ಅವಸರದಲ್ಲಿ ಅಲ್ಲಿಗೆ ಹೋಗಬೇಡಿ. ಬ್ಯಾಂಕಿನಲ್ಲೂ ಒಂದೇ ದಿನದಲ್ಲಿ ಆಗುತ್ತೆ, ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೆ.

ಕಾಲೇಜಿಗೆ ಸೇರಿಸಿ ಬಂದ ಮೇಲೆ ನಿಜವಾದ ಓಡಾಟ ಶುರುವಾಯಿತು. ನಾವು ಆರಿಸಿದ ಮೂರು ಬ್ಯಾಂಕಿನಲ್ಲಿ ಮೊದಲನೆಯದರಿಂದ ಉತ್ತರವೇ ಇಲ್ಲ. ಎರಡನೆಯವರು "ನಿಮ್ಮೂರು ನಮ್ಮ ಶಾಖೆಗೆ ಬರಲ್ಲ" ಅಂದರು. ಈ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ ಅಂತ ನಮ್ಮ ತಮ್ಮ ಹೇಳಿದ್ದ. ಅದನ್ನು ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮೂರನೆಯದು ನಮ್ಮ ಮಹಿಳಾ ಸಂಘದ ಖಾತೆ ಇರುವ ಶಾಖೆ. ಅಲ್ಲಿಗೆ ಹೋಗುವಾಗ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ.

ಮ್ಯಾನೇಜರ್ ಮೊದಲು ಕೇಳಿದ್ದು ಪಹಣಿ. "ತೋಟ ಇದೆಯಲ್ಲಮ್ಮಾ, ಅದನ್ನ ಸೆಕ್ಯೂರಿಟಿ ಕೊಡಿ, ಬೇಗ ಆಗುತ್ತೆ" ಅಂದರು. ಏಳೂವರೆ ಲಕ್ಷದೊಳಗೆ ಬೇಕಾಗಿಲ್ಲ ಅಲ್ವಾ ಸರ್ ಅಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಸರಿ ಕೂತ್ಕೊಳ್ಳಿ ಅಂದರು. ಆಮೇಲೆ ನಮ್ಮ ಮನೆಯವರ ಸಿಬಿಲ್ ವಿಷಯ ಬಂತು. ತಕರಾರು ಹಾಕಿದ್ದೇವೆ, ಇನ್ನೂ ಸರಿಯಾಗಿಲ್ಲ. ಆಗ ನಾನು, "ಸರ್, ಸಾಲಕ್ಕೆ ಅಪ್ಪನೇ ಆಗಬೇಕಾ? ನಾನು ಸಹಿ ಹಾಕಿದರೆ ಆಗಲ್ವಾ?" ಅಂದೆ. ನನ್ನದು ತೆಗೆದು ನೋಡಿದರು. ಸಂಘದ ಸಾಲ ಆರು ವರ್ಷದಿಂದ ವಾರ ತಪ್ಪದೆ ಕಟ್ಟಿದ್ದು ಅಲ್ಲಿ ಕಾಣುತ್ತಿತ್ತು, ಸ್ಕೋರ್ 741. ಹೊಲಿಗೆ ಮೆಷಿನ್ ತೆಗೆಯಲು ಮಾಡಿದ ಸಾಲ ಮಗಳ ಕಾಲೇಜಿಗೆ ಹೀಗೆ ದಾರಿ ಮಾಡಿತು. ಮನೆಯಲ್ಲಿ ಅಮ್ಮನ ಹೆಸರಲ್ಲಿ ಒಂದು ಸಣ್ಣ ಖಾತೆ, ಒಂದು ಸಣ್ಣ ಸಾಲ ಸರಿಯಾಗಿ ಕಟ್ಟಿದ್ದು ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮುಂದಿನ ತೊಡಕು ಕಾಲೇಜಿನಿಂದ. ಬ್ಯಾಂಕಿಗೆ ನಾಲ್ಕು ವರ್ಷದ ಶುಲ್ಕದ ಪಟ್ಟಿ ಬೇಕು, ಸೀಲು, ಸಹಿ, ಕಾಲೇಜಿನ ಖಾತೆ ನಂಬರ್ ಸಮೇತ. ಕಾಲೇಜಿನವರು ಒಂದೇ ವರ್ಷದ್ದು ಕೊಟ್ಟಿದ್ದರು. ಹಾಸ್ಟೆಲ್‌ನದ್ದು ಬೇರೆ ಕಾಗದ, ಬೇರೆ ಆಫೀಸು. ಇದಕ್ಕೇ ನಾನು ಮೂರು ಸಲ ಬೆಂಗಳೂರಿಗೆ ಹೋಗಿ ಬಂದೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ, ಆದರೆ ಪ್ರತಿ ಸಲ ಒಂದು ದಿನದ ಹೊಲಿಗೆ ಹೋಯಿತು. ಗೌರಿ ಹಬ್ಬದ ಹೊತ್ತು, ಗಿರಾಕಿಗಳು ಬ್ಲೌಸಿಗೆ ಕಾಯುತ್ತಿದ್ದರು. ಸೇರಿಸುವ ದಿನವೇ ಬೋನಫೈಡ್ (ಅಲ್ಲೇ ಓದುತ್ತಿದ್ದಾರೆ ಅನ್ನುವ ಪತ್ರ), ನಾಲ್ಕು ವರ್ಷದ ಶುಲ್ಕದ ಪಟ್ಟಿ, ಹಾಸ್ಟೆಲ್ ಶುಲ್ಕದ ಪಟ್ಟಿ, ಕಾಲೇಜಿನ ಮಾನ್ಯತೆಯ ಪ್ರತಿ ಈ ನಾಲ್ಕನ್ನೂ ಕೇಳಿ ತೆಗೆದುಕೊಂಡೇ ಬನ್ನಿ.

ಸಾಲ ಮಂಜೂರಾಗುವ ಹಿಂದಿನ ದಿನ ಇನ್ನೊಂದು ಮಾತು ಬಂತು. ಮಗಳ ಹೆಸರಲ್ಲಿ ಜೀವ ವಿಮೆ ಮಾಡಿಸಬೇಕು, 28 ಸಾವಿರ, ಅದನ್ನು ಸಾಲದಲ್ಲೇ ಸೇರಿಸ್ತೀವಿ ಅಂದರು. ಕಡ್ಡಾಯವಾ ಸರ್, ಕಡ್ಡಾಯ ಅಂತ ಬರೆದು ಕೊಡಿ ಅಂದೆ. ಕಡ್ಡಾಯ ಇಲ್ಲ, ಒಳ್ಳೇದು ಅಂತ ಹೇಳಿದ್ವಿ ಅಂದರು. ವಿಮೆ ಬೇಕೋ ಬೇಡವೋ ಅದು ನಿಮ್ಮ ತೀರ್ಮಾನ, ಆದರೆ ಕೇಳಿ ತಿಳಿದುಕೊಂಡು ಮಾಡಿಸಿ. ನಾವು ಬೇಡ ಅಂದೆವು.

ಮಗಳು ಸಹಿಗೆ ಅಂತ ಶನಿವಾರ ರಾತ್ರಿ ಬಂದಳು. ಸೋಮವಾರ ಬ್ಯಾಂಕಿನಲ್ಲಿ ಮಂಜೂರಾತಿ ಪತ್ರ ಕೈಗೆ ಕೊಟ್ಟಾಗ ಅವಳು ಕೂತು ಎಲ್ಲ ಪುಟ ಓದಿದಳು. ಬಡ್ಡಿ ಸಬ್ಸಿಡಿ ವಿಷಯ ಎಲ್ಲಿ ಬರೆದಿದೆ ಅಂತ ಕೇಳಿದಳು. ಇದು ಮುಖ್ಯ. ಸಬ್ಸಿಡಿ ತಾನಾಗಿ ಬರಲ್ಲ. ಬ್ಯಾಂಕಿನವರು ಕ್ಲೇಮ್ ಹಾಕಬೇಕು, ಅದಕ್ಕೆ ನಮ್ಮ ಆದಾಯ ಪ್ರಮಾಣಪತ್ರ ಅವರ ಫೈಲಿನಲ್ಲಿ ಇರಬೇಕು. ಓದು ನಡುವೆ ಬಿಟ್ಟರೆ ಅದು ನಿಂತು ಹೋಗುತ್ತದೆ, ಕಾಯಿಲೆಯಿಂದ ಬಿಟ್ಟರೆ ಮಾತ್ರ ವಿನಾಯಿತಿ. ಡಿಗ್ರಿಗೆ ಒಮ್ಮೆ ಪಡೆದರೆ ಆಮೇಲೆ ಎಂಟೆಕ್‌ಗೆ ಮತ್ತೆ ಸಿಗಲ್ಲ. ಆದಾಯ ತೆರಿಗೆ ಕಟ್ಟುವ ಮನೆಯವರಿಗೆ ಇನ್ನೊಂದು ವಿಷಯ: ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಕಟ್ಟಿದ ಬಡ್ಡಿಗೆ 80ಇ ಅಡಿ ಎಂಟು ವರ್ಷದವರೆಗೆ ವಿನಾಯಿತಿ ಪಡೆಯಬಹುದು. ಅಸಲಿಗೆ ಇಲ್ಲ.

ಮೊದಲ ಕಂತಿನಲ್ಲಿ ಕೆಇಎಗೆ ಮತ್ತು ಕಾಲೇಜಿಗೆ ನಾವು ಕಟ್ಟಿದ್ದ 1,30,000 ರಸೀದಿ ನೋಡಿ ನನ್ನ ಖಾತೆಗೇ ಹಾಕಿದರು. ಹಾಸ್ಟೆಲ್ ಎರಡನೇ ಕಂತು ನೇರ ಕಾಲೇಜಿಗೆ ಹೋಯಿತು. ಸೆಪ್ಟೆಂಬರ್ 29ಕ್ಕೆ ಬಂಗಾರ ಬಿಡಿಸಿಕೊಂಡೆ. 53 ದಿನಕ್ಕೆ ಬಡ್ಡಿ 1,612 ರೂಪಾಯಿ. ಅರಗಿನ ಮುದ್ರೆ ನನ್ನ ಮುಂದೆಯೇ ಒಡೆದು ಸರ ಕೈಗೆ ಕೊಟ್ಟರು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಸರದ ಬಗ್ಗೆ ಅಲ್ಲ, ಸಾಲದ ಕಾಗದದ ಬಗ್ಗೆ. ಓದಿ ಹೇಳು ಅಂದರು. ಓದಿ ಹೇಳಿದೆ. ತೋಟದ ಸರ್ವೆ ನಂಬರ್ ಎಲ್ಲೂ ಇಲ್ವಾ ಅಂತ ಎರಡು ಸಲ ಕೇಳಿದರು. ಇಲ್ಲ ಅತ್ತೆ ಅಂದೆ. ಹಾಗಾದ್ರೆ ಸರಿ ಅಂದು ಒಳಗೆ ಹೋದರು. ಆಯುಧ ಪೂಜೆಯ ದಿನ ಹೊಲಿಗೆ ಮೆಷಿನ್‌ಗೆ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದ್ದು ಅವರೇ.

ಎರಡನೇ ವರ್ಷದ ಕಂತಿಗೆ ಬ್ಯಾಂಕಿನವರು ಮೊದಲ ವರ್ಷದ ಅಂಕಪಟ್ಟಿ ಮತ್ತು ಹೊಸ ಶುಲ್ಕದ ಚಲನ್ ಕೇಳಿದ್ದಾರೆ. ಅದಕ್ಕೆ ಒಂದು ಹಸಿರು ಫೈಲ್ ತಂದು, ಮೇಲೆ ಮಗಳ ಹೆಸರನ್ನು ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಬರೆದಿಟ್ಟಿದ್ದೇನೆ.